ರಸ್ತೆಗೆ ಅಡ್ಡ ಇಟ್ಟ ಕೊಡ

ಎಳೆಕೂಸಿಗೆ ಎಣ್ಣೆ ಹಚ್ಚಿದ ಮೇಲೆ ಸ್ನಾನಕ್ಕೆಂದು ಕಾಯಿಸಬಾರದು. ನೀರು ಹದಕ್ಕೆ ಬಂದಿರಬೇಕು, ಎರೆಯುವವಳು ಬಚ್ಚಲಲ್ಲಿ ಕಾಲು ಚಾಚಿ ಕೂತಿರಬೇಕು, ಎಣ್ಣೆ ಆಮೇಲೆ. ಇದನ್ನು ನನಗೆ ನನ್ನ ಅತ್ತೆ ಹೇಳಿಕೊಟ್ಟರು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಸರಿಯಾಗಿ ಬಂದ ವಿದ್ಯೆ ಇದೊಂದೇ. ಯಲಹಂಕ, ವಿದ್ಯಾರಣ್ಯಪುರ, ಹೆಬ್ಬಾಳ, ಆರ್.ಟಿ. ನಗರ, ಎಲ್ಲಿ ಬಾಣಂತಿ ಇದ್ದಾಳೋ ಅಲ್ಲಿಗೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ತಾಯಿಗೂ ಕೂಸಿಗೂ ಎರೆದು ಬರುತ್ತೇನೆ. ನನ್ನ ಕಾಲ ಮೇಲೆ ಬೋರಲು ಮಲಗಿ ಅತ್ತವರು ಈಗ ಮೀಸೆ ಬಿಟ್ಟುಕೊಂಡು ಓಡಾಡುತ್ತಾರೆ. ಎದುರಿಗೆ ಬಂದರೂ ಅವರಿಗೆ ನನ್ನ ಗುರುತಿಲ್ಲ. ಇರಬೇಕಾಗಿಯೂ ಇಲ್ಲ.

ಹಿಂದೊಂದು ಸಲ ಆರ್.ಟಿ. ನಗರದ ಒಂದು ಮನೆಗೆ ಹೋಗುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಿತು. ಮುಂದೆ ಯಾವುದೋ ಪಕ್ಷದವರು ಬಾವುಟ ಹಿಡಿದು ಕೂತಿದ್ದಾರೆ ಎಂದು ಕಂಡಕ್ಟರ್ ಹೇಳಿದ. ಯಾತಕ್ಕೆ ಕೂತಿದ್ದಾರೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಎರೆಯುವ ಅಜ್ಜಿ ಬರುವ ಹೊತ್ತಾಯಿತು ಎಂದು ಕೂಸಿಗೆ ಮೈತುಂಬ ಎಣ್ಣೆ ಹಚ್ಚಿ ಇಟ್ಟುಕೊಂಡು ಕೂತಿದ್ದರು. ನಾನು ತಲುಪುವ ಹೊತ್ತಿಗೆ ಕೂಸಿನ ಮೈ ತಣ್ಣಗಾಗಿ ಮೂಗು ಕಟ್ಟಿತ್ತು. ಮಾರನೆಯ ದಿನದಿಂದ ಬರಬೇಡಿ ಎಂದರು. ತಪ್ಪು ನನ್ನದಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಕೂಸಿನ ಮೂಗು ಬಿಡುತ್ತದೆಯೇ.

ಆವತ್ತಿನಿಂದ ರಸ್ತೆತಡೆ, ಬಂದ್ ಎಂದರೆ ನನಗೆ ಮೈ ಉರಿಯುತ್ತಿತ್ತು. ಬಂದ್ ದಿನ ಅಂಗಡಿಯವರು ಶಟರ್ ಅರ್ಧಕ್ಕೆ ಇಳಿಸಿ ಕೆಳಗಿನಿಂದ ಹಾಲು, ಬ್ರೆಡ್ಡು ಕೊಡುತ್ತಾರೆ. ಬಂದ್ ಮಾಡಿಸಿದವನೇ ಬಗ್ಗಿ ನಿಂತು ಸಿಗರೇಟು ಕೊಳ್ಳುವುದನ್ನು ನಾನು ಕಂಡಿದ್ದೇನೆ. ಇದರಿಂದ ಜನಕ್ಕೆ ಒಳ್ಳೆಯದಾಗುತ್ತದೆ ಎಂದು ಯಾರಾದರೂ ಹೇಳಿದರೆ, ಯಾವ ಜನಕ್ಕೆ ಎಂದು ಕೇಳುತ್ತಿದ್ದೆ.

ಆಮೇಲೆ ನಮ್ಮ ಗಲ್ಲಿಯಲ್ಲೇ ನೀರು ಬರುವುದು ನಿಂತಿತು.

ನಮ್ಮದು ವಿದ್ಯಾರಣ್ಯಪುರದ ಆಚೆಗಿನ ಸಿಂಗಾಪುರ. ಈಗ ಸುತ್ತ ಲೇಔಟುಗಳು, ಎದ್ದುನಿಂತ ಅಪಾರ್ಟ್‌ಮೆಂಟುಗಳು. ನಾವಿರುವುದು ಮಾತ್ರ ಹಳೇ ಊರಿನ ಗಲ್ಲಿ, ಎರಡು ಸ್ಕೂಟರ್ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಯಾರ ಮನೆಗೂ ಸಂಪಿಲ್ಲ. ಒಂದು ಬೋರಿನ ನೀರನ್ನು ಎಲ್ಲರೂ ನಂಬಿದ್ದೆವು. ಆ ಬೇಸಿಗೆಯಲ್ಲಿ ಬೋರು ಬರೀ ಗಾಳಿ ಉಗುಳತೊಡಗಿತು. ಮೋಟಾರು ಕೆಟ್ಟಿರಬೇಕೆಂದು ಎತ್ತಿಸಿದರು. ಮೋಟಾರು ಚೆನ್ನಾಗಿಯೇ ಇತ್ತು, ಕೆಳಗೆ ನೀರಿರಲಿಲ್ಲ. ನೀರಿನ ಆಫೀಸಿನವರು ಟ್ಯಾಂಕರ್ ಕಳಿಸುತ್ತೇವೆ ಎಂದರು. ಮೊದಲು ಎರಡು ಸಲ ಬಂತು. ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗಲೂ ಗಲ್ಲಿಯ ಬಾಯಲ್ಲೇ ನಿಲ್ಲಬೇಕು, ಕೊಡದಲ್ಲಿ ಹಿಡಿದು ಒಳಗೆ ಹೊತ್ತು ತರಬೇಕು.

ನಮ್ಮ ಪಕ್ಕದ ಮನೆಯವರು ಮುಸ್ಲಿಮರು. ಅವರ ಗೋಡೆಯೂ ನಮ್ಮ ಗೋಡೆಯೂ ಒಂದೇ, ಅವರ ಮನೆಯಲ್ಲಿ ಕುಕ್ಕರ್ ಕೂಗಿದರೆ ನಾನು ನನ್ನ ಒಲೆ ಆರಿಸಿದ ದಿನಗಳಿವೆ. ಗಂಡ ಯಶವಂತಪುರದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಹೆಂಡತಿ ಮದುವೆಮನೆಗಳಿಗೆ ಬಿರಿಯಾನಿ ಮಾಡಿಕೊಡುತ್ತಾಳೆ. ಅವಳ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು. ಎರೆಯುವವಳು ನಾನೇ. ಸ್ನಾನ ಆದ ಮೇಲೆ ನಾವು ಸಾಂಬ್ರಾಣಿ ಹಾಕುತ್ತೇವೆ, ಅವರು ಲೋಬಾನ ಹಾಕುತ್ತಾರೆ. ಕಣ್ಣು ಉರಿಯುವುದು ಎರಡರಲ್ಲೂ ಒಂದೇ ಥರ.

ಅವರಲ್ಲಿ ಬಾಣಂತಿ ನಲವತ್ತನೆಯ ದಿನ ಚಿಲ್ಲಾ ಸ್ನಾನ ಮಾಡುವವರೆಗೆ ತವರಿನಲ್ಲೇ ಇರಬೇಕು. ಆ ಸ್ನಾನಕ್ಕೆ ಗಂಡನ ಕಡೆಯವರು ಬಂದು, ಉಂಡು, ತಾಯಿ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ನಡುವೆ ಕರೆದುಕೊಂಡು ಹೋದರೆ ತವರಿನವರ ಮುಖಕ್ಕೆ ಉಗಿದ ಹಾಗೆ. ಬೀಗಿತ್ತಿ ಇರುವುದು ನಾಗಸಂದ್ರದಲ್ಲಿ. ಅವರಲ್ಲಿ ನಲ್ಲಿ ನೀರು ಬರುತ್ತದೆ. ಇಲ್ಲಿಯ ಸುದ್ದಿ ಹೇಗೋ ಅಲ್ಲಿಗೆ ಮುಟ್ಟಿತು. ಒಂದು ದಿನ ಫೋನಿನಲ್ಲಿ, ‘ಹುಡುಗಿಗೆ ಬಿಸಿನೀರಿಗೂ ಗತಿಯಿಲ್ಲ ಅಂದ್ರೆ ಅಲ್ಯಾಕೆ ಇಟ್ಕೊಂಡಿದ್ದೀರ? ಈ ಶುಕ್ರವಾರ ಆಟೋ ತಗೊಂಡ್ ಬರ್ತೀನಿ, ರೆಡಿ ಇರಲಿ’ ಎಂದಳಂತೆ.

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಬಾಣಂತಿಗೆ ಬೆನ್ನು ಕೆಂಪಾಗುವಷ್ಟು ಬಿಸಿನೀರು ಹುಯ್ಯಬೇಕು, ಹಂಡೆ ತಳ ಕಾಣುವವರೆಗೆ ಹುಯ್ಯಬೇಕು. ಆ ಹುಡುಗಿಗೆ ನಾವು ಬಟ್ಟೆ ಅದ್ದಿ ಮೈ ಒರೆಸುತ್ತಿದ್ದೆವು. ಕೂಸಿಗೆ ಮಾತ್ರ ಎರಡು ಚೊಂಬು.

‘ಕರ್ಕೊಂಡ್ ಹೋದ್ರೆ ಹೋಗ್ಲಿ ಬಿಡು, ಹುಡುಗಿಗೆ ನೀರು ಸಿಗ್ತದೆ’ ಎಂದೆ ನಾನು.

‘ನಕ್ಕೋ ಅಮ್ಮಾ, ಹಂಗ್ ಹೇಳ್ಬೇಡಿ’ ಎಂದಳು ಪಕ್ಕದ ಮನೆಯವಳು. ‘ನೀರು ಸಿಗ್ತದೆ, ಅದರ ಜೊತೆ ಜೀವಮಾನ ಪೂರ್ತಿ ಮಾತೂ ಸಿಗ್ತದೆ. ನಿಮ್ಮಮ್ಮ ನಿನಗೆ ನೀರ್ ಹಾಕ್ಲಿಲ್ಲ, ನಾವ್ ಹಾಕಿದ್ದು ಅಂತ. ಆ ಹೆಂಗಸಿನ ಬಾಯಿ ನಿಮಗೆ ಗೊತ್ತಿಲ್ಲ.’

ಬುಧವಾರ ಸಾಯಂಕಾಲ ಗಲ್ಲಿಯ ಬಾಯಲ್ಲಿ ಹೆಂಗಸರೆಲ್ಲ ಸೇರಿದರು. ಸೇರಿಸಿದವನು ನಮ್ಮ ಕಡೆಯವನೇ ಒಬ್ಬ ಯುವಕ. ಯಾವ ಹಬ್ಬ ಬಂದರೂ ತನ್ನ ಮುಖವಿರುವ ಫ್ಲೆಕ್ಸ್ ಕಟ್ಟಿಸುತ್ತಾನೆ, ಒಂದು ಪಕ್ಷದಲ್ಲಿ ಏನೋ ಹುದ್ದೆ ಇದೆ. ಅವನು ಬುಲೆಟ್ ಗಾಡಿಯ ಮೇಲಿಂದ ಇಳಿಯದೆ ಭಾಷಣ ಶುರು ಮಾಡಿದ.

‘ಅಕ್ಕಂದಿರಾ, ಅರ್ಜಿ ಕೊಟ್ರೆ ಅದರಲ್ಲಿ ಬೋಂಡ ಕಟ್ಟಿಸ್ಕೊಂಡ್ ತಿಂತಾರೆ. ರೋಡ್ ನಿಲ್ಲಿಸ್ಬೇಕು. ಬೆಳಿಗ್ಗೆ ಆಫೀಸ್ ಟೈಮಲ್ಲಿ.’

‘ರೋಡ್ ನಿಂತ್ರೆ ಬೋರಲ್ಲಿ ನೀರ್ ಬರ್ತದೇನೋ?’ ಎಂದೆ.

‘ಫೋನ್ ಬರ್ತದೆ ಅಜ್ಜಿ. ಫೋನ್ ಬಂದ್ರೆ ನೀರ್ ಬರ್ತದೆ.’

‘ನೀನು ಬಸ್ಸಲ್ಲಿ ಕೂತು ಎಷ್ಟ್ ವರ್ಷ ಆಯ್ತಪ್ಪ?’

ಒಂದಿಬ್ಬರು ನಕ್ಕರು. ಅವನೂ ನಕ್ಕ. ಅವನಿಗೆ ನಾಚಿಕೆ ಬೇಗ ಆಗುವುದಿಲ್ಲ.

‘ಆಫೀಸಿನ ಬಾಗಿಲಲ್ಲಿ ಹೋಗಿ ಕೂತ್ಕೊಳ್ಳಿ. ಬಸ್ಸಲ್ಲಿ ಹೋಗೋರು ನಿಮ್ಮ ನೀರನ್ನ ಕುಡಿದಿದ್ದಾರಾ?’ ಎಂದೆ ನಾನು.

ಎದುರು ಮನೆಯವಳು ಬಾಯಿ ಹಾಕಿದಳು. ‘ಹೋಗಿ ಕೂತಿದ್ವಲ್ಲಜ್ಜಿ, ನೀವು ಯಾವ್ದೋ ಕೂಸಿಗೆ ಎರೆಯೋಕೆ ಹೋಗಿದ್ರಿ. ಕುರ್ಚಿ ಹಾಕ್ದ. ಫ್ಯಾನ್ ಹಾಕ್ದ. ಸಾಯಂಕಾಲ ಗೇಟ್ ಹಾಕ್ದ.’

ಪಕ್ಕದ ಮನೆಯವಳು ಮೆಲ್ಲಗೆ ಹೇಳಿದಳು. ‘ಅಮ್ಮಾ, ನಿಮಗೆ ಬಸ್ ತಪ್ತದೆ ಅಂತ ಕೋಪ. ನನಗೆ ಮಗಳು ಹೋಗ್ತಾಳೆ ಅಂತ.’

‘ನಿನ್ ಮಗಳು ಉಳೀಲಿ ಅಂತ ಎಷ್ಟು ಜನದ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸ್ತೀಯ?’

ನಾನು ಬರುವುದಿಲ್ಲ ಎಂದು ಎದ್ದು ಬಂದೆ. ಹಿಂದಿನಿಂದ ಆ ಯುವಕ ಹೇಳುವುದು ಕೇಳಿಸಿತು. ‘ಮನೆಲಿರೋ ಕೊಡ, ಬಕೆಟ್ಟು ಎಲ್ಲಾ ತನ್ನಿ. ಒಂದೂ ಬಿಡ್ಬೇಡಿ. ಟಿವಿಯವ್ರು ಬರ್ತಾರೆ, ರೋಡ್ ತುಂಬಾ ಕಾಣ್ಬೇಕು.’

ಶುಕ್ರವಾರ ಬೆಳಿಗ್ಗೆ ಗಲ್ಲಿಗೆ ಗಲ್ಲಿಯೇ ಹೊರಟಿತು. ಪಕ್ಕದ ಮನೆಯವಳು ನನ್ನ ಬಾಗಿಲಿಗೆ ಬಂದು, ‘ನೀವ್ ಬರ್ಬೇಡಿ, ನಿಮ್ ಕೊಡಾನಾದ್ರೂ ಕೊಡಿ’ ಎಂದಳು. ಬೈದುಕೊಂಡೇ ಕೊಟ್ಟೆ. ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಕೊಡಗಳನ್ನು ಸೊಂಟದ ಮೇಲೆ ಇಟ್ಟುಕೊಂಡು, ಕೈಗೊಂದು ಬಕೆಟ್ಟು ತೂಗಿಸಿಕೊಂಡು ಹೋದರು. ಮದುವೆಗೆ ಹೊರಟವರ ಹಾಗೆ ಗಲಗಲ ಮಾತಾಡುತ್ತಿದ್ದರು. ಬೀಗಿತ್ತಿ ಬರುವ ದಿನವೂ ಅದೇ. ಅವಳು ಬರುವುದರೊಳಗೆ ಎರಡು ಕೊಡ ನೀರಾದರೂ ಮನೆ ಸೇರಲಿ ಎನ್ನುವುದು ಪಕ್ಕದ ಮನೆಯವಳ ಲೆಕ್ಕ.

ನನಗೆ ಆ ದಿನ ವಿದ್ಯಾರಣ್ಯಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಕೂಸಿತ್ತು. ರಸ್ತೆ ಇಲ್ಲದೆ ಹೋಗುವುದು ಹೇಗೆ. ಬರಲಾಗುವುದಿಲ್ಲ ಎಂದು ಫೋನು ಮಾಡಿದೆ. ಎಣ್ಣೆ ಹಚ್ಚಬೇಡಿ ಎಂದು ಮೊದಲು ಹೇಳಿದೆ.

‘ಈ ಪ್ರೊಟೆಸ್ಟ್ ಮಾಡೋರಿಗೆ ಬೇರೆ ಕೆಲಸ ಇರಲ್ವಾ ಅಜ್ಜಿ?’ ಎಂದಳು ಅಲ್ಲಿಯ ಬಾಣಂತಿ ಹುಡುಗಿ.

ಬೇರೆ ದಿನವಾಗಿದ್ದರೆ ಇರಲ್ಲ ಕಣಮ್ಮ ಎನ್ನುತ್ತಿದ್ದೆ. ‘ಇದೆ ಕಣಮ್ಮ. ಆ ಕೆಲಸಕ್ಕೆ ನೀರು ಬೇಕಲ್ಲ’ ಎಂಬ ಮಾತು ಬಾಯಿಂದ ಬಂತು. ಬಂದ ಮೇಲೆ ನನಗೇ ಸಿಟ್ಟು ಬಂತು.

ಪಕ್ಕದ ಮನೆಗೆ ಹೋಗಿ ಬಾಣಂತಿಯ ಹತ್ತಿರ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಹೊರಗೆ ಹಾರನ್ನು. ಹೋಗಿ ನೋಡಿದರೆ ಗಲ್ಲಿಯ ಬಾಯಲ್ಲಿ ನೀರಿನ ಟ್ಯಾಂಕರ್. ಮುಖ್ಯರಸ್ತೆ ಕಟ್ಟಿದೆಯೆಂದು ಕೆರೆಯ ಪಕ್ಕದ ಮಣ್ಣುದಾರಿಯಲ್ಲಿ ಸುತ್ತಿ ಬಂದಿತ್ತು.

‘ಇಲ್ಲೇನಾ ಗಲಾಟೆ ಮಾಡ್ತಿರೋದು?’ ಎಂದ ಡ್ರೈವರ್.

‘ಗಲಾಟೆ ಅಲ್ಲಿ. ಮನೆ ಇಲ್ಲಿ.’

‘ಬೇಗ ಹಿಡ್ಕೊಳ್ಳಿ ಅಜ್ಜಿ. ಆಫೀಸಿಂದ ಫೋನ್ ಮೇಲ್ ಫೋನ್. ಇಳಿಸಿ ಫೋಟೋ ಕಳಿಸು ಅಂತಾರೆ.’

ಆ ಹುಡುಗ ಪುಢಾರಿ ಹೇಳಿದ್ದು ಸರಿಯಾಗಿತ್ತು. ಫೋನು ಬಂದಿತ್ತು, ನೀರೂ ಬಂದಿತ್ತು. ಆದರೆ ಹಿಡಿಯುವುದಕ್ಕೆ ಗಲ್ಲಿಯಲ್ಲಿ ಒಂದು ಕೊಡ ಇಲ್ಲ, ಹೊರುವುದಕ್ಕೆ ಒಬ್ಬ ಹೆಂಗಸಿಲ್ಲ. ಮನೆಗಳಿಗೆಲ್ಲ ಬೀಗ. ಪಕ್ಕದ ಮನೆಯವಳಿಗೆ ಫೋನು ಹಚ್ಚಿದೆ. ಅಲ್ಲಿ ಕೂಗಾಟದಲ್ಲಿ ಅವಳಿಗೆ ಕೇಳಿಸಲಿಲ್ಲ.

ಕೊನೆಯ ರೂಮಿನಲ್ಲಿ ಹಾವೇರಿ ಕಡೆಯವನೊಬ್ಬ ಬಾಡಿಗೆಗಿದ್ದ. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುತ್ತಿದ್ದ. ಹೋಗಿ ಬಾಗಿಲು ಬಡಿದೆ.

‘ಏನಾತ್ರೀ ಅಜ್ಜಿ?’

‘ನೀರ್ ಬಂದದೆ, ಏಳಪ್ಪ.’

‘ನೀರು ಬಂದಾವು? ಮಂದಿ ಎಲ್ಲಿ ಹೋಗ್ಯಾರ?’

‘ನೀರು ಕೇಳೋಕೆ ಹೋಗಿದ್ದಾರೆ.’

ಅವನು ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಪಕ್ಕದ ಮನೆಯ ಅಟ್ಟದ ಮೇಲೆ ಬಿರಿಯಾನಿ ಮಾಡುವ ಡೇಗ್ಸಾಗಳಿದ್ದವು, ಎರಡು ಜನ ಹಿಡಿದು ಎತ್ತುವಂಥವು. ಅವನ್ನು ಇಳಿಸಿಕೊಂಡೆವು. ಟ್ಯಾಂಕರ್ ಹತ್ತಿರ ಇಟ್ಟು ಅರ್ಧ ತುಂಬಿಸಿ, ಕಿವಿ ಹಿಡಿದುಕೊಂಡು ಒಳಗೆ ತಂದು, ಹಂಡೆಗೆ, ಡ್ರಮ್ಮಿಗೆ ಸುರಿದೆವು. ಬಾಣಂತಿ ತಲೆಗೆ ಕಟ್ಟಿದ ಸ್ಕಾರ್ಫ್ ಬಿಗಿ ಮಾಡಿಕೊಂಡು ತಾನೂ ಎದ್ದು ಬಂದಳು.

‘ಒಳಗೆ ಹೋಗು. ತಣ್ಣೀರು ಮುಟ್ಟಿದರೆ ಕೈ ಮುರೀತೀನಿ’ ಎಂದೆ. ಹೋದಳು.

ಮೊದಲು ಅವಳ ಮನೆಯ ಹಂಡೆ, ಅವಳ ಮನೆಯ ಡ್ರಮ್ಮು. ಆಮೇಲೆ ನನ್ನ ಮನೆಯದು. ಆಮೇಲೆ ಹಾವೇರಿಯವನದು. ನನ್ನ ಸೊಂಟ ಅಷ್ಟಕ್ಕೇ ಹಿಡಿದುಕೊಂಡಿತು. ಹೆಂಗಸರು ಬರುವವರೆಗೆ ಇರು ಎಂದರೆ ಡ್ರೈವರ್ ಒಪ್ಪಲಿಲ್ಲ, ಅವನಿಗೆ ಇನ್ನೊಂದು ಟ್ರಿಪ್ಪಿತ್ತು. ಗಲ್ಲಿಯ ಬಾಯಲ್ಲಿರುವ ಪಿಜಿ ಕಟ್ಟಡದ ಸಂಪಿಗೆ ಪೈಪು ಬಿಟ್ಟು ಉಳಿದದ್ದನ್ನೆಲ್ಲ ಸುರಿದು, ಫೋಟೋ ಹೊಡೆದುಕೊಂಡು ಹೋದ. ಪಿಜಿಯ ಮಾಲೀಕ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುತ್ತಾ ನೋಡುತ್ತಿದ್ದ. ಅವನು ರಸ್ತೆಗೂ ಬಂದವನಲ್ಲ, ಮೀಟಿಂಗಿಗೂ ಬಂದವನಲ್ಲ. ನಾನೂ ರಸ್ತೆಗೆ ಹೋದವಳಲ್ಲ. ಹೋಗದಿದ್ದವರಿಗೆ ನೀರು ಸಿಕ್ಕಿತು.

ರಸ್ತೆಯ ಕಥೆಯನ್ನು ನನಗೆ ಅವರು ಆಮೇಲೆ ಹೇಳಿದರು.

ಕೊಡಗಳನ್ನು ಸಾಲಾಗಿ ಅಡ್ಡ ಇಟ್ಟು ಹಿಂದೆ ಕೂತರಂತೆ. ಟಿವಿಯವರು ಬಂದರು. ಯುವಕ ಮುಂದೆ ನಿಂತು ಮಾತಾಡಿದ. ಬಸ್ಸು, ಕಾರು, ಸ್ಕೂಲು ವ್ಯಾನು ಎಲ್ಲ ನಿಂತವು. ಚಿಕ್ಕಜಾಲದ ಕಡೆಯ ರೈತನೊಬ್ಬ ಮೊಪೆಡ್ಡಿನ ಹಿಂದೆ ದಂಟು, ಪಾಲಕ್ಕು, ಕೊತ್ತಂಬರಿ ಹೇರಿಕೊಂಡು ಬಂದಿದ್ದನಂತೆ. ಬಿಸಿಲು ಏರಿತು. ಅವನು ಗಾಡಿ ನಿಲ್ಲಿಸಿ ಹೆಂಗಸರ ಹತ್ತಿರ ಬಂದು, ‘ಒಸಿ ನೀರಿದ್ರೆ ಕೊಡ್ರವ್ವ, ಸೊಪ್ಪು ಬಾಡ್ತಾ ಅದೆ, ಚಿಮಕಿಸ್ತೀನಿ’ ಎಂದನಂತೆ.

‘ಅಷ್ಟೊಂದ್ ಕೊಡ ಇಟ್ಕೊಂಡಿದ್ವಲ್ಲ, ಪಾಪ, ನೀರಿದೆ ಅಂದ್ಕೊಂಡ’ ಎಂದಳು ಎದುರು ಮನೆಯವಳು. ಹೇಳುವಾಗ ನಗು ಬಂತು, ಅರ್ಧಕ್ಕೆ ನಿಂತಿತು. ‘ಒಂದ್ ತೊಟ್ಟೂ ಇರಲಿಲ್ಲ ಅಜ್ಜಿ. ಸಂಜೆಗೆ ಇದು ದನಕ್ಕೇ ಅಂತ ಹೇಳಿ ವಾಪಸ್ ತಿರುಗಿಸ್ಕೊಂಡ. ಬೈದಿದ್ರೂ ಚೆನ್ನಾಗಿರ್ತಿತ್ತು.’

ಅದೇ ಸಾಲಿನಲ್ಲಿ ನಾಗಸಂದ್ರದ ಆಟೋ ಬಂದು ನಿಂತಿತ್ತು. ಬೀಗಿತ್ತಿ ಒಳಗೆ ಕೂತು ಕೂತು, ಕೊನೆಗೆ ಇಳಿದು, ಏನಿದು ಗಲಾಟೆ ಎಂದು ನೋಡಲು ಮುಂದೆ ನಡೆದು ಬಂದಳು. ಪಕ್ಕದ ಮನೆಯವಳು ಸೆರಗು ಮುಖಕ್ಕೆಳೆದುಕೊಂಡಳಂತೆ. ಏನು ಪ್ರಯೋಜನ.

‘ಕ್ಯಾ ಸಮ್ಧನ್, ರಸ್ತೇ ಪೊ ಬೈಠೇ?’ ಏನು ಬೀಗಿತ್ತಿ, ರಸ್ತೆಯಲ್ಲಿ ಕೂತುಬಿಟ್ಟೆಯಾ ಎಂದು ಎಲ್ಲರ ಎದುರಿಗೆ ಕೇಳಿದಳು.

ಪಕ್ಕದ ಮನೆಯವಳು, ‘ನಿಮ್ಮ ಮೊಮ್ಮಗನ ನೀರಿಗೆ’ ಎಂದಳಂತೆ. ಅಷ್ಟೇ ಹೇಳಿದೆ ಅಮ್ಮಾ, ಇನ್ನೇನೂ ತೋಚಲಿಲ್ಲ ಎಂದು ನನ್ನ ಹತ್ತಿರ ಹೇಳಿದಳು.

ಬೀಗಿತ್ತಿ ನಿಂತು ನೋಡಿದಳು. ಅವಳಿಗೆ ಮಂಡಿ ನೋವು, ನಿಲ್ಲಲಾಗುವುದಿಲ್ಲ. ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ನೀರಿಗೆಂದು ಕೂತಳು ಎಂದು ಯಾರೂ ತಿಳಿಯಬಾರದು, ಮಂಡಿಗೆಂದು ಕೂತಳು. ಟಿವಿಯವನಿಗೆ ಅದೆಲ್ಲ ಗೊತ್ತಿಲ್ಲ, ಕ್ಯಾಮೆರಾ ಅವಳ ಕಡೆ ತಿರುಗಿಸಿದ. ಸಂಜೆ ಅವಳನ್ನೇ ತೋರಿಸಿದರು.

ಆಮೇಲೆ ಪೊಲೀಸರು ಬಂದು ಎಬ್ಬಿಸಿದರು. ಹೆಂಗಸರನ್ನು ಮುಟ್ಟಲಿಲ್ಲ, ಕೊಡಗಳನ್ನು ಎತ್ತಿ ಟೆಂಪೋಗೆ ಎಸೆದರು. ಯುವಕ ತಾನಾಗಿಯೇ ಜೀಪು ಹತ್ತಿ ಕೈ ಬೀಸಿದ. ಕೊಡ ಹೋದ ಮೇಲೆ ಕೂರುವುದು ಯಾತಕ್ಕೆ ಎಂದು ಎಲ್ಲರೂ ಎದ್ದು ಬರಿಗೈಯಲ್ಲಿ ಬಂದರು.

ಬಂದವರಿಗೆ ಗಲ್ಲಿಯ ಬಾಯಲ್ಲಿ ಒದ್ದೆ ನೆಲ ಕಂಡಿತು. ಪಿಜಿಯ ಸಂಪಿನ ಮುಚ್ಚಳದ ಸುತ್ತ ಇನ್ನೂ ನೀರು ನಿಂತಿತ್ತು.

‘ನಾವು ಬಿಸಿಲಲ್ಲಿ ಒಣಗಿದ್ವಿ, ನೀರು ಪಿಜಿಗೆ ಬಿಟ್ರಾ ಅಜ್ಜಿ?’ ಎದುರು ಮನೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

‘ಬಾಯಲ್ಲಿ ಹಿಡ್ಕೊಳ್ಳಲಾ? ನನ್ನ ಕೊಡಾನೂ ತಗೊಂಡ್ ಹೋಗಿದ್ರಲ್ಲ.’

‘ನಿಮ್ಮನೆಗೆ ಮಾತ್ರ ಹಿಡ್ಕೊಂಡ್ರಿ.’

‘ಹೌದು, ಹಿಡ್ಕೊಂಡೆ. ಬಿಡ್ಬೇಕಿತ್ತಾ?’

ಜಗಳ ಬಹಳ ಹೊತ್ತು ನಡೆಯಿತು. ಎಲ್ಲರ ಗಂಟಲೂ ಮೊದಲೇ ಕಟ್ಟಿತ್ತು, ಅದಕ್ಕೇ ನಿಂತಿತು. ನನ್ನ ಡ್ರಮ್ಮಿನ ನೀರನ್ನು ಚೊಂಬು ಚೊಂಬಾಗಿ ಹಂಚಿದೆ. ಯಾರೂ ಉಪಕಾರ ಎನ್ನಲಿಲ್ಲ. ನಾನೂ ಎದುರು ನೋಡಲಿಲ್ಲ.

ಇತ್ತ ಪಕ್ಕದ ಮನೆಯಲ್ಲಿ ಬೀಗಿತ್ತಿ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಹೋದಳು. ಹಂಡೆ ತುಂಬಿತ್ತು, ಕೆಳಗೆ ನಾನು ಒಲೆ ಹಚ್ಚಿದ್ದೆ. ಪಕ್ಕದ ಮನೆಯವಳಿಗೇ ಅದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದಳು.

‘ಇಷ್ಟು ನೀರು ಎಲ್ಲಿಂದ ಬಂತು?’ ಎಂದು ಬೀಗಿತ್ತಿ ನನ್ನನ್ನು ಕೇಳಿದಳು.

‘ನೀವು ಬಕೆಟ್ ಮೇಲೆ ಕೂತಿದ್ರಲ್ಲ, ಅಲ್ಲಿಂದ’ ಎಂದೆ.

ಅವಳು ನಗಲಿಲ್ಲ. ಚಹಾ ಕುಡಿದಳು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಳು. ಸೊಸೆಗೆ ನಾನು ಹಂಡೆಪೂರ್ತಿ ಎರೆಯುವವರೆಗೆ ಕಾದಳು. ಹೋಗುವಾಗ, ‘ಚಿಲ್ಲಾವರೆಗೆ ಇರಲಿ. ನೀರು ನಿಂತಿತು ಅಂತ ಕೇಳಿದ್ರೆ ಆವತ್ತೇ ಬರ್ತೀನಿ’ ಎಂದಳು. ಅದೇ ಆಟೋದಲ್ಲಿ ಒಬ್ಬಳೇ ಹೋದಳು.

ಮಾರನೆಯ ದಿನ ಸ್ಟೇಷನ್ನಿಗೆ ಹೋಗಿ ಕೊಡಗಳನ್ನು ಬಿಡಿಸಿಕೊಂಡು ಬಂದೆವು. ಹಿತ್ತಲಲ್ಲಿ ಹಳೇ ಸ್ಕೂಟರುಗಳ ಮೇಲೆ ರಾಶಿ ಹಾಕಿದ್ದರು. ನಿಮ್ಮದು ಯಾವುದು ಎಂದು ಪೊಲೀಸಿನವನು ಕೇಳಿದ. ಎಲ್ಲ ಒಂದೇ ಥರದವು, ಆದರೂ ಪ್ರತಿಯೊಬ್ಬಳೂ ತನ್ನದನ್ನು ಕತ್ತು ನೋಡಿ ಎತ್ತಿಕೊಂಡಳು. ಒಡೆದವುಗಳಿಗೆ ಮಾತ್ರ ಯಾರೂ ವಾರಸುದಾರರಿಲ್ಲ.

ಟ್ಯಾಂಕರ್ ದಿನ ಬಿಟ್ಟು ದಿನ ಬರತೊಡಗಿತು. ಯುವಕ ಫ್ಲೆಕ್ಸ್ ಕಟ್ಟಿಸಿದ, ನೀರು ತರಿಸಿದ್ದು ತಾನು ಎಂದು. ಆಫೀಸಿನವರು, ಅದು ಮೊದಲೇ ಆಗಿದ್ದ ಆರ್ಡರು, ಗಲಾಟೆಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಇಬ್ಬರೂ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುತ್ತದೆ. ಆ ಸೊಪ್ಪಿನವನ ವಿಷಯ ಇಬ್ಬರ ಬಾಯಲ್ಲೂ ಬರಲಿಲ್ಲ.

ಚಿಲ್ಲಾ ಹತ್ತಿರ ಬಂತು. ಅದೇ ವಾರ ಟ್ಯಾಂಕರ್ ಬರುವುದು ನಿಂತಿತು.

ಫೋನು ಮಾಡಿದರೆ ಸಂಜೆ ಬರುತ್ತದೆ ಎಂದರು. ಸಂಜೆ ಮಾಡಿದರೆ ಬೆಳಿಗ್ಗೆ ಎಂದರು. ಬೀಗಿತ್ತಿಯ ಕಡೆಯ ಹೆಂಗಸರೆಲ್ಲ ಊಟಕ್ಕೆ ಬರುವವರಿದ್ದರು. ಬಾಣಂತಿಯ ಸ್ನಾನಕ್ಕೆ, ಅಡುಗೆಗೆ, ಬಂದವರ ಕೈಕಾಲಿಗೆ ನೀರು ಬೇಕು. ಡ್ರಮ್ಮಿನಲ್ಲಿ ಇದ್ದದ್ದು ತಳದ ಬಗ್ಗಡ. ಪಕ್ಕದ ಮನೆಯವಳು ಗೋಡೆಗೆ ಒರಗಿ ಕೂತುಬಿಟ್ಟಳು. ಹೆಂಗಸರು ಯುವಕನನ್ನು ಹುಡುಕಿದರು. ಅವನು ಪಕ್ಷದವರ ಜೊತೆ ಇನ್ನಾವುದೋ ಊರಿನ ರ‍್ಯಾಲಿಗೆ ಹೋಗಿದ್ದ.

‘ನಾವೇ ಹೋಗೋಣ. ನಾನು ಬರ್ತೀನಿ’ ಎಂದೆ.

‘ಏನು, ಬಸ್ಸಿನವರ ಮೇಲೆ ಪ್ರೀತಿ ಕಮ್ಮಿ ಆಯ್ತಾ?’ ಎಂದಳು ಎದುರು ಮನೆಯವಳು.

‘ಕಮ್ಮಿ ಆಗಿಲ್ಲ. ಅದಕ್ಕೇ ಹೇಳ್ತೀನಿ ಕೇಳಿ. ಮನೆಗೊಂದು ಕೊಡ ತನ್ನಿ, ಮಿಕ್ಕಿದ್ದು ಮನೇಲಿರಲಿ. ಹಿಡಿಯೋಕೆ ಇಬ್ಬರು ಇಲ್ಲೇ ಇರಲಿ. ಅರ್ಧ ರಸ್ತೆ ಮಾತ್ರ ಹಿಡಿಯೋಣ, ಅರ್ಧ ಬಿಡೋಣ. ಸೊಪ್ಪಿನ ಗಾಡಿ ಬಂದರೆ ಯಾರೂ ತಡೀಬೇಡಿ.’

ಹಾಗೆಯೇ ಮಾಡಿದೆವು. ಬೆಳಿಗ್ಗೆ ಹೋಗಿ ರಸ್ತೆಯ ಒಂದು ಪಕ್ಕದಲ್ಲಿ ಕೊಡ ಜೋಡಿಸಿ ಕೂತೆವು. ಗಾಡಿಗಳು ನಿಧಾನ ಮಾಡಿ, ಹಾರನ್ನು ಹೊಡೆದು, ಇನ್ನೊಂದು ಪಕ್ಕದಿಂದ ಹೋದವು. ಬೈಕಿನಲ್ಲಿ ಒಬ್ಬ ಪೊಲೀಸಿನವನು ಬಂದ. ಚಿಕ್ಕ ವಯಸ್ಸಿನವನು, ಮರ್ಯಾದಸ್ಥ.

‘ಇಷ್ಟೇನಾ ಅಜ್ಜಿ?’ ಎಂದ.

‘ಇಷ್ಟೇ.’

‘ಹಿಂಗೇ ಕೂತ್ಕೊಳ್ಳಿ. ತೊಂದ್ರೆ ಏನಿಲ್ಲ’ ಎಂದು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ.

ಬಿಸಿಲು ನೆತ್ತಿಗೆ ಬಂತು. ಆಫೀಸಿನಿಂದ ಯಾರೂ ಬರಲಿಲ್ಲ. ಯಾರಿಗೂ ಫೋನು ಬರಲಿಲ್ಲ. ಪೊಲೀಸಿನವನು ಎರಡನೆಯ ಟೀ ತೆಗೆದುಕೊಂಡ. ಪಕ್ಕದ ಮನೆಯವಳು ನನ್ನ ಮುಖ ನೋಡಿದಳು. ಅವಳು ಏನಾದರೂ ಹೇಳಿದ್ದರೆ ನಾನು ಎದುರು ಮಾತಾಡುತ್ತಿದ್ದೆ.

ನಾನೇ ಎದ್ದೆ. ನನ್ನ ಕೊಡವನ್ನು ಎತ್ತಿಕೊಂಡು ಹೋಗಿ, ಗಾಡಿಗಳಿಗೆ ಬಿಟ್ಟಿದ್ದ ಆ ಅರ್ಧದ ನಡುವೆ ಇಟ್ಟೆ. ಅದರ ಹಿಂದೆ ಕೂತೆ. ಉಳಿದವರು ತಮ್ಮ ತಮ್ಮದನ್ನು ತಂದು ಪಕ್ಕದಲ್ಲಿ ಇಟ್ಟರು. ಮೊದಲು ಒಂದು ಕಾರು ನಿಂತಿತು, ಆಮೇಲೆ ಬಸ್ಸು, ಆಮೇಲೆ ಕಾಣುವಷ್ಟು ದೂರ ಎಲ್ಲ ನಿಂತಿತು. ಪೊಲೀಸಿನವನು ಟೀ ಲೋಟ ಕೆಳಗಿಟ್ಟು ಫೋನು ಕೈಗೆತ್ತಿಕೊಂಡ.

ಮುಂದಿದ್ದ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿದಳು. ನನ್ನದೇ ವಯಸ್ಸು, ಸೊಂಟದಲ್ಲಿ ಎಲೆಅಡಿಕೆ ಚೀಲ.

‘ಏಯ್ ಮುದ್ಕಿ, ನಿನಗೆ ಮಾತ್ರ ಮನೆ ಇರೋದಾ? ಮನೆ ಮನೆ ಪಾತ್ರೆ ತಿಕ್ಕೋಕೆ ಹೋಗ್ಬೇಕ್ ನಾನು. ತಡ ಆದ್ರೆ ನಾಳೆಯಿಂದ ಬರಬೇಡ ಅಂತಾರೆ. ಆಗ ನೀನ್ ಬಂದ್ ಹೇಳ್ತೀಯಾ ಅವರಿಗೆ? ನಿನ್ ಕೊಡ ತುಂಬೋಕೆ ನನ್ ಹೊಟ್ಟೆ ಮೇಲ್ ಹೊಡಿತೀಯಾ?’

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಹೆಬ್ಬಾಳದ ಮೇಲೆ ಕೂತು ನಾನು ಅಂದುಕೊಂಡದ್ದನ್ನೇ ಅವಳು ಬಾಯಿಬಿಟ್ಟು ಹೇಳುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. ಕೊಡ ತೆಗೆಯಲಿಲ್ಲ.

ಪೊಲೀಸಿನವನು ಫೋನನ್ನು ನನ್ನ ಕೈಗೆ ಕೊಟ್ಟ. ಆ ಕಡೆ ಆಫೀಸಿನವನು ಟ್ಯಾಂಕರ್ ಹೊರಟಿದೆ ಎಂದ. ‘ಬಂದು ನಿಂತ ಮೇಲೆ ಏಳ್ತೀವಿ’ ಎಂದೆ. ಗಲ್ಲಿಯಲ್ಲಿ ಉಳಿದಿದ್ದ ಇಬ್ಬರು, ಬಂತು, ಹಿಡೀತಾ ಇದ್ದೀವಿ ಎಂದು ಫೋನು ಮಾಡಿದ ಮೇಲೆ ಎದ್ದೆವು. ಅಲ್ಲಿಯವರೆಗೂ ಬಸ್ಸಿನವಳು ಬೈಯುತ್ತಲೇ ಇದ್ದಳು. ಸೊಪ್ಪಿನ ಮೊಪೆಡ್ಡು ಬಂದರೆ ದಾರಿ ಬಿಡಬೇಕೆಂದು ಕಾದಿದ್ದೆ. ಆವತ್ತು ಆ ಕಡೆ ಯಾವ ಸೊಪ್ಪಿನವನೂ ಬರಲಿಲ್ಲ.

ಚಿಲ್ಲಾದ ದಿನ ಹಂಡೆ ತುಂಬಿತ್ತು. ಬೀಗಿತ್ತಿ ಬಂದವಳೇ ಬಚ್ಚಲಿಗೆ ಬಂದು ನೀರಿಗೆ ಬೆರಳು ಅದ್ದಿ, ಸರಕ್ಕನೆ ತೆಗೆದಳು. ‘ಸುಡ್ತದೆ’ ಎಂದಳು. ‘ಸುಡಬೇಕು’ ಎಂದೆ. ಹುಡುಗಿಗೆ ಬೆನ್ನು ಕೆಂಪಾಗುವ ಹಾಗೆ ಎರೆದೆ. ಕೂಸು ನನ್ನ ಕಾಲ ಮೇಲೆ ಮಲಗಿ ಗಲ್ಲಿಗೆಲ್ಲ ಕೇಳುವ ಹಾಗೆ ಅತ್ತಿತು. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ತಾಯಿ ಮಗುವನ್ನು ಕರೆದುಕೊಂಡು ಹೋದರು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಅತ್ತಳು. ಮಗಳು ಹೋಗುವಾಗ ಅಳುವ ಅಳು ಅದು, ಮಾನ ಹೋದ ಅಳು ಅಲ್ಲ.

ರಸ್ತೆ ಕಟ್ಟಿದರೆ ಜನಕ್ಕೆ ಒಳ್ಳೆಯದಾಗುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ, ನಮ್ಮ ಗಲ್ಲಿಗೆ ಆಯಿತು, ಬಸ್ಸಿನಲ್ಲಿದ್ದವಳಿಗೆ ಆಗಲಿಲ್ಲ ಎಂದಷ್ಟೇ ಹೇಳಬಲ್ಲೆ. ಅರ್ಧ ರಸ್ತೆ ಬಿಟ್ಟಾಗ ಯಾರಿಗೂ ತೊಂದರೆಯಾಗಲಿಲ್ಲ, ನೀರೂ ಬರಲಿಲ್ಲ. ನಾನು ಈಗಲೂ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತೇನೆ. ಹತ್ತಿದ ತಕ್ಷಣ ಕಿಟಕಿಯ ಪಕ್ಕದ ಸೀಟುಗಳನ್ನು ಒಂದು ಸಲ ನೋಡುತ್ತೇನೆ. ಆ ಹೆಂಗಸು ಇನ್ನೂ ಸಿಕ್ಕಿಲ್ಲ. ಸಿಕ್ಕಿದರೆ ಪಕ್ಕದಲ್ಲಿ ಕೂತು ಬೈಗುಳವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಆವತ್ತು ಅವಳು ಮುಗಿಸುವುದರೊಳಗೆ ನಾವು ಕೊಡ ತೆಗೆದೆವು, ಬಸ್ಸು ಹೊರಟುಹೋಯಿತು.